ಶನಿವಾರದ ‘ಯಾಕೆ’ ಪೀರಿಯಡ್

ಮೇಷ್ಟ್ರಾದವನಿಗೆ ನಗುವಿಗೇನೂ ಕೊರತೆ ಇಲ್ಲ. ಇತಿಹಾಸದವರಿಗೆ ತಿಂಗಳಿಗೊಂದು ಪ್ರಸಂಗ ಸಿಗಬಹುದು, ಗಣಿತದವರಿಗೆ ಪರೀಕ್ಷೆಯ ಹೊತ್ತಿಗೆ ಒಂದೆರಡು. ಆದರೆ ವಿಜ್ಞಾನದ ಮೇಷ್ಟ್ರಿಗೆ, ಅದರಲ್ಲೂ ‘ಉತ್ತರ ನಾನು ಹೇಳಂಗಿಲ್ಲ’ ಎಂದು ಹಠ ಹಿಡಿದು ಕೂತ ಮೇಷ್ಟ್ರಿಗೆ, ವಾರಕ್ಕೊಂದು ಕಟ್ಟಿಟ್ಟ ಬುತ್ತಿ. ನಾನು ಹುಡುಕಿಕೊಂಡು ಹೋದದ್ದಿಲ್ಲ. ಅವೇ ಸ್ಟಾಫ್ ರೂಮಿನ ಬಾಗಿಲು ತಟ್ಟಿಕೊಂಡು ಬರುತ್ತವೆ.

ನಾನು ಗದಗದ ಕಡೆಯವನು. ಕೊಡಿಗೇಹಳ್ಳಿಯ ಒಳಗಲ್ಲಿಯೊಂದರ ಸಣ್ಣ ಶಾಲೆಯಲ್ಲಿ ಏಳನೇ ಕ್ಲಾಸಿಗೆ ವಿಜ್ಞಾನ ಕಲಿಸುತ್ತೇನೆ. ಶಾಲೆ ನಿಂತಿರುವ ಜಾಗ ಹಿಂದೆ ರಾಗಿಹೊಲವಾಗಿತ್ತಂತೆ. ಆ ಹೊಲದ ಯಜಮಾನರೇ ಈಗ ಶಾಲೆಯ ಯಜಮಾನರು. ಅಪಾರ್ಟ್‌ಮೆಂಟು ಕಟ್ಟಿಸುತ್ತಾರೆ, ದೊಡ್ಡ ಕಾರಿನಲ್ಲಿ ಓಡಾಡುತ್ತಾರೆ, ಆದರೂ ಬಿಳಿ ಪಂಚೆ, ಹೆಗಲ ಮೇಲಿನ ಟವಲು ಬಿಟ್ಟಿಲ್ಲ. ಶಾಲೆಯ ದಿನನಿತ್ಯದ ಭಾರ ಹೊತ್ತವರು ಹೆಡ್ ಮೇಡಂ. ಒಳ್ಳೆಯವರು, ಆದರೆ ಸಿಲಬಸ್ ಎಂಬ ಮಾತು ಬಂದರೆ ಅವರ ಬಿ.ಪಿ. ಏರುತ್ತದೆ.

ವರ್ಷಗಟ್ಟಲೆ ನಾನೂ ಎಲ್ಲರ ಹಾಗೆ ಗೈಡ್ ಹಿಡಿದು ನೋಟ್ಸ್ ಬರೆಸಿದವನೇ. ಒಂದು ಮಧ್ಯಾಹ್ನ ‘ಶಾಖ ಎಂದರೇನು’ ಎಂದು ಬರೆಸುತ್ತಾ ಬರೆಸುತ್ತಾ ನನಗೇ ತೂಕಡಿಕೆ ಬಂತು. ಮಕ್ಕಳು ನನ್ನನ್ನು ಎಬ್ಬಿಸಲಿಲ್ಲ, ಯಾಕೆಂದರೆ ಅವೂ ಮಲಗಿದ್ದವು. ಅವತ್ತೇ ಹೆಡ್ ಮೇಡಂ ಹತ್ತಿರ ಹೋಗಿ ಶನಿವಾರ ಬೆಳಿಗ್ಗೆಯ ಪೀರಿಯಡ್ ಬೇಡಿ ಪಡೆದೆ. ಅಲ್ಲಿ ನೋಟ್ಸ್ ಇಲ್ಲ, ಉತ್ತರವೂ ಇಲ್ಲ. ಮಕ್ಕಳು ಏನೇ ಕೇಳಲಿ, ನನ್ನದು ಒಂದೇ ಮಾತು: ‘ನನಗ ಗೊತ್ತಿಲ್ಲ. ಹೆಂಗ ಪತ್ತೆ ಹಚ್ಚೂಣು?’ ಮಕ್ಕಳು ಅದಕ್ಕೆ ‘ಯಾಕೆ ಪೀರಿಯಡ್’ ಎಂದು ಹೆಸರಿಟ್ಟರು. ಮೇಡಂ ಮಾತ್ರ ಮೊದಲೇ ಎಚ್ಚರಿಸಿದ್ದರು, ‘ನೋಡಿ ಸಾರ್, ಪೇರೆಂಟ್ಸ್‌ನಿಂದ ಕಂಪ್ಲೇಂಟ್ ಬಂತು ಅಂದ್ರೆ ಯಜಮಾನ್ರಿಗೆ ಹೇಳ್ತೀನಿ. ಅವ್ರು ನಿಲ್ಸಿ ಅಂದ್ರೆ ನಿಲ್ಸಿಬಿಡ್ಬೇಕು. ಮತ್ತೆ ಗೈಡು, ನೋಟ್ಸು.’

ಒಪ್ಪಿಕೊಂಡೆ. ನನಗೆ ಆ ಒಂದು ಪೀರಿಯಡ್ ಬೇಕಿತ್ತು. ವಾರವಿಡೀ ಅದಕ್ಕೇ ಕಾಯುತ್ತಿದ್ದೆ ಎಂದರೂ ಸುಳ್ಳಲ್ಲ. ಕಂಪ್ಲೇಂಟ್ ಎಲ್ಲಿಂದ ಬಂದೀತು ಎಂದುಕೊಂಡಿದ್ದೆ. ಬಂದದ್ದು ಅಡುಗೆಮನೆಯಿಂದ.

ವಿಷಲ್ ಲೆಕ್ಕ

ಒಬ್ಬ ಹುಡುಗ ಕೇಳಿದ, ‘ಸಾರ್, ಕುಕ್ಕರ್ ಮೂರು ಸಲ ಕೂಗಿದ್ರೆ ಬೇಳೆ ಬೆಂತು ಅಂತಾರಲ್ಲ, ಮೂರೇ ಯಾಕೆ?’

‘ನನಗ ಗೊತ್ತಿಲ್ಲ. ಹೆಂಗ ಪತ್ತೆ ಹಚ್ಚೂಣು?’

ಎಲ್ಲರೂ ಮನೆಯಲ್ಲಿ ನೋಡಿಕೊಂಡು ಬರುವುದೆಂದು ತೀರ್ಮಾನವಾಯಿತು. ದೊಡ್ಡವರ ಜೊತೆ ನಿಂತು ನೋಡಬೇಕು, ಒಲೆ ಮುಟ್ಟಕೂಡದು ಎಂದು ಹೇಳಿದ್ದೆ. ಮಕ್ಕಳು ಅಮ್ಮಂದಿರನ್ನು ಒಪ್ಪಿಸಿ ಸಣ್ಣ ಉರಿ, ದೊಡ್ಡ ಉರಿ, ಒಂದು ವಿಷಲ್, ಐದು ವಿಷಲ್, ಎಲ್ಲ ಮಾಡಿಸಿದ್ದಾರೆ. ಅದೇ ಸಂಜೆ ಒಬ್ಬ ತಾಯಿಯ ಫೋನು.

‘ಸಾರ್, ನಿಮ್ ಹೋಮ್‌ವರ್ಕ್ ಆಯ್ತು. ನಮ್ಮನೇಲಿ ಇವತ್ತು ಸಾರಿಗೆ ಬೇಳೆ ಇಲ್ಲ. ಒಂದು ಪಾತ್ರೇಲಿ ಕಲ್ಲಿದೆ, ಇನ್ನೊಂದ್ರಲ್ಲಿ ಗಂಜಿ ಇದೆ. ಅವ್ರಪ್ಪ ಬಂದ್ರೆ ಯಾವುದು ಬಡಿಸ್ಲಿ?’

ಮುಂದಿನ ಶನಿವಾರ ಕೂತು ಎಲ್ಲರದ್ದನ್ನೂ ಬೋರ್ಡಿನ ಮೇಲೆ ಬರೆದೆವು. ನೋಡಿದರೆ ವಿಷಯ ಸೊಗಸಾಗಿತ್ತು. ದೊಡ್ಡ ಉರಿಯಲ್ಲಿ ಕುಕ್ಕರು ಬೇಗ ಬೇಗ ಕೂಗಿತು, ಬೇಳೆ ಮಾತ್ರ ಬೇಯಲಿಲ್ಲ. ಸಣ್ಣ ಉರಿಯಲ್ಲಿ ಒಂದೇ ಸಲ ಕೂಗಿದ ಕುಕ್ಕರಿನಲ್ಲಿ ಬೇಳೆ ಬೆಣ್ಣೆಯಂತಾಗಿತ್ತು. ‘ಹಂಗಾದ್ರೆ ಕುಕ್ಕರ್ ಕೂಗೋದು ಬೇಳೆ ಬೆಂತು ಅಂತಲ್ಲ, ಒಳಗೆ ಹಬೆ ಜಾಸ್ತಿ ಆಯ್ತು ಅಂತ!’ ಎಂದು ಹುಡುಗನೇ ಕಂಡುಕೊಂಡ. ನನಗೆ ರೋಮಾಂಚನವಾಯಿತು. ಇದನ್ನು ನಾನು ಬರೆಸಿದ್ದರೆ ಒಂದು ಸಾಲು, ಅವರು ಕಂಡುಕೊಂಡದ್ದರಿಂದ ಒಂದು ಹಬ್ಬ.

ಒಬ್ಬ ಹುಡುಗಿಯ ಹಾಳೆಯಲ್ಲಿ ಮಾತ್ರ ವಿಷಲ್ ಲೆಕ್ಕವೇ ಇರಲಿಲ್ಲ. ‘ಬೇಳೆ ಬೇಯಲು ಬೇಕಾದ ಸಮಯ: ಒಂದು ಧಾರಾವಾಹಿ, ಜಾಹೀರಾತು ಸೇರಿ’ ಎಂದು ಬರೆದಿದ್ದಳು.

‘ಏನವ್ವಾ ಇದು?’ ಎಂದೆ.

‘ನಮ್ಮಜ್ಜಿಗೆ ಕಿವಿ ಕೇಳ್ಸಲ್ಲ ಸಾರ್. ಸೀರಿಯಲ್ ಶುರುವಾದಾಗ ಇಡ್ತಾರೆ, ಮುಗಿದಾಗ ಇಳಿಸ್ತಾರೆ. ಯಾವತ್ತೂ ಹೆಚ್ಚುಕಮ್ಮಿ ಆಗಿಲ್ಲ.’

‘ಭಾನುವಾರ ಧಾರಾವಾಹಿ ಇರೂದಿಲ್ಲಲ್ಲ, ಅವತ್ತು ಹೆಂಗ?’

‘ಅದಕ್ಕೇ ಸಾರ್, ಭಾನುವಾರ ನಾವು ಹೋಟ್ಲಿಂದ ತರೋದು.’

ಕಣ್ಣು ಬಿದ್ದ ನಿಂಬೆಹಣ್ಣು

ನಿಂಬೆಹಣ್ಣಿಗೆ ತಾಮ್ರದ ತಂತಿ ಒಂದು ಕಡೆ, ಸತುವಿನ ಲೇಪ ಇರುವ ಮೊಳೆ ಇನ್ನೊಂದು ಕಡೆ ಚುಚ್ಚಿ, ಅಂಥ ನಾಲ್ಕಾರು ಹಣ್ಣುಗಳನ್ನು ಸಾಲಾಗಿ ಜೋಡಿಸಿದರೆ ಪುಟ್ಟ ಎಲ್‌ಇಡಿ ದೀಪ ಉರಿಯುತ್ತದೆ. ಎಲ್ಲರಿಗೂ ಗೊತ್ತಿರುವ ಆಟ. ನಾನು ಮಕ್ಕಳಿಗೆ ಹೇಳಿದ್ದು, ‘ಮನಿಯಿಂದ ಒಂದೊಂದು ನಿಂಬಿಹಣ್ಣು ತರ್ರಿ’ ಎಂದಷ್ಟೇ. ಆ ವಾರ ನಿಂಬೆಹಣ್ಣು ಬಹಳ ತುಟ್ಟಿ ಇತ್ತೆಂದು ಕಾಣುತ್ತದೆ. ಅಂದು ಅಮಾವಾಸ್ಯೆಯ ಮಾರನೆಯ ದಿನ ಬೇರೆ. ಆಟೋ, ನೀರಿನ ಟ್ಯಾಂಕರುಗಳ ಮುಂದೆ ದೃಷ್ಟಿಗೆಂದು ಕಟ್ಟಿ, ಹೊಸದು ಕಟ್ಟುವಾಗ ಬಿಚ್ಚಿ ಎಸೆದ ನಿಂಬೆಹಣ್ಣು ಮೆಣಸಿನಕಾಯಿ ಸರಗಳು ರಸ್ತೆಯ ತುಂಬ ಬಿದ್ದಿದ್ದವು. ನಮ್ಮ ಇಬ್ಬರು ವಿಜ್ಞಾನಿಗಳು ಅವನ್ನೇ ಆಯ್ದು ತಂದರು.

ತಾಜಾ ಹಣ್ಣಿನ ಸಾಲಿಗೆ ದೀಪ ಉರಿಯಿತು. ದೃಷ್ಟಿ ಹಣ್ಣಿನ ಸಾಲಿಗೆ ಮಿಣುಕ್ ಅನ್ನಲಿಲ್ಲ.

‘ಸಾರ್, ದೃಷ್ಟಿ ಕರೆಂಟೆಲ್ಲ ಹೀರ್ಕೊಂಡಿದೆ!’ ಎಂದ ಒಬ್ಬ.

‘ಇಲ್ಲ ಕಣೋ, ಒಣಗಿದೆ ಅಷ್ಟೇ,’ ಎಂದ ಇನ್ನೊಬ್ಬ.

ಜಗಳ ನನ್ನ ಹತ್ತಿರ ಬಂತು. ‘ನನಗ ಗೊತ್ತಿಲ್ಲ. ಹೆಂಗ ಪತ್ತೆ ಹಚ್ಚೂಣು?’ ಎಂದೆ.

ಆಗ ಎರಡು ಜಡೆಯ ಒಬ್ಬ ಹುಡುಗಿ ಎದ್ದಳು. ಈ ಹುಡುಗಿಯ ಬಗ್ಗೆ ಒಂದು ಮಾತು ಹೇಳಬೇಕು. ತಣಿಸಂದ್ರದ ಕಡೆಯಿಂದ ವ್ಯಾನಿನಲ್ಲಿ ಬರುತ್ತಾಳೆ, ಮಾತು ಕಡಿಮೆ, ಆದರೆ ಬಾಯಿ ಬಿಟ್ಟರೆ ಎದುರಿನವರ ಬಾಯಿ ಮುಚ್ಚುತ್ತದೆ. ಅವಳು ಹೇಳಿದಳು, ‘ಒಂದೇ ದಿನ ಎರಡು ಕಡೆ ಹಣ್ಣು ಕಟ್ಟೋಣ ಸಾರ್. ಒಂದು ಎಲ್ಲರ ಕಣ್ಣು ಬೀಳೋ ಗಾಡಿಗೆ. ಇನ್ನೊಂದು ಯಾರ ಕಣ್ಣೂ ಬೀಳದ ಗಾಡಿಗೆ. ಎರಡೂ ಒಂದೇ ಥರ ಒಣಗುತ್ತಾ ನೋಡೋಣ.’

ಎಷ್ಟು ಚೆಂದದ ಯೋಚನೆ! ಕಣ್ಣು ಬೀಳುವ ಗಾಡಿಗೆ ಕಷ್ಟವಿರಲಿಲ್ಲ, ಯಜಮಾನರ ಹೊಸ ಕಾರಿತ್ತು. ಡ್ರೈವರು ಸಂತೋಷದಿಂದಲೇ ಕಟ್ಟಿಸಿಕೊಂಡ. ಯಾರ ಕಣ್ಣೂ ಬೀಳದ ಗಾಡಿ ಎಲ್ಲಿ ತರುವುದು? ಮಕ್ಕಳು ಗುಂಪುಗೂಡಿ ಗುಸುಗುಸು ಮಾತಾಡಿದರು. ಆಮೇಲೆ ಸ್ವಲ್ಪವೂ ಸಂಕೋಚವಿಲ್ಲದೆ ಹೇಳಿದರು, ‘ಸಾರ್, ನಿಮ್ ಸ್ಕೂಟರ್.’

ಹತ್ತು ದಿನ ನನ್ನ ಸ್ಕೂಟರು ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿಕೊಂಡು ಹೆಬ್ಬಾಳದ ಫ್ಲೈಓವರ್ ಹತ್ತಿತು. ಸಿಗ್ನಲ್ಲಿನಲ್ಲಿ ಜನ ಸರದ ಕಡೆ ನೋಡಿ, ಗಾಡಿಯ ಕಡೆ ನೋಡಿ, ನನ್ನ ಮುಖ ನೋಡಿ ನಗುತ್ತಿದ್ದರು. ಹತ್ತು ದಿನ ಕಳೆದು ಬಿಚ್ಚಿ ನೋಡಿದರೆ ಎರಡೂ ಕಡೆಯ ಹಣ್ಣು ಒಂದೇ ಸಮ ಒಣಗಿದ್ದವು. ಗೆದ್ದೆವು ಎಂದು ನಾನು ಚಪ್ಪಾಳೆ ತಟ್ಟಬೇಕು, ಅಷ್ಟರಲ್ಲಿ ಮೊದಲನೆಯ ಹುಡುಗ ಎದ್ದು, ‘ಹಂಗಾದ್ರೆ ಸಾರ್ ಸ್ಕೂಟರ್ ಮೇಲೂ ಯಾರದೋ ಕಣ್ಣಿದೆ!’ ಎಂದ.

ಮನೆಗೆ ಬಂದು ಹೆಂಡತಿಗೆ ಹೇಳಿಕೊಂಡು ನಕ್ಕೆ. ಅವಳು ನಗಲಿಲ್ಲ. ‘ಅದು ನನ್ನ ಕಣ್ಣ ಇರಬೇಕು ನೋಡ್ರಿ. ಆ ಡಬ್ಬಿ ಮಾರ್ರಿ ಅಂತ ಹೇಳಿ ಹೇಳಿ ಸಾಕಾಗೇತಿ,’ ಎಂದಳು.

ಅಂದ ಹಾಗೆ, ರಸ್ತೆಯಲ್ಲಿ ತುಳಿಯಲೂ ಬಾರದ ಹಣ್ಣನ್ನು ಮಕ್ಕಳ ಕೈಲಿ ಆರಿಸಿದ್ದಾರೆ ಎಂದು ಪೇರೆಂಟ್ಸ್ ಗ್ರೂಪಿನಲ್ಲಿ ಗಲಾಟೆಯಾಯಿತು. ಹೆಡ್ ಮೇಡಂ ನನ್ನನ್ನು ಕರೆದು, ‘ಸಾರ್, ಇದು ಎರಡನೇದು,’ ಎಂದರು.

ತಲೆ ಎತ್ತಿ ನೋಡುವವರು

ಇದು ಸಣ್ಣದು. ನಮ್ಮ ಶಾಲೆಯ ಮೇಲೆ ಆಗಾಗ ವಿಮಾನ ಹಾದುಹೋಗುತ್ತದೆ. ‘ಕೆಲವ್ರು ತಲೆ ಎತ್ತಿ ನೋಡ್ತಾರೆ, ಕೆಲವ್ರು ನೋಡಲ್ಲ, ಯಾಕೆ?’ ಎಂದು ಒಬ್ಬ ಹುಡುಗಿ ಕೇಳಿದಳು. ಸರಿ, ಪತ್ತೆ ಹಚ್ಚಲು ಗೇಟಿನ ಒಳಗೆ ಸಾಲಾಗಿ ನಿಂತೆವು. ವಿಮಾನ ಬಂದಾಗ ರಸ್ತೆಯಲ್ಲಿ ಯಾರು ನೋಡಿದರು, ಯಾರು ನೋಡಲಿಲ್ಲ ಎಂದು ಗಮನಿಸುವುದು. ಆಮೇಲೆ ಅವರನ್ನು ಮಾತಾಡಿಸಿ, ‘ನೀವು ಈ ಏರಿಯಾಕ್ಕೆ ಬಂದು ಎಷ್ಟು ವರ್ಷ ಆಯ್ತು?’ ಎಂದು ವಿಚಾರಿಸುವುದು.

ಸೊಪ್ಪು ಮಾರುವಾಕೆ ನೋಡಲಿಲ್ಲ, ಇಲ್ಲೇ ಹುಟ್ಟಿದವಳು. ಹಾಲಿನ ಅಂಗಡಿಯವರು ನೋಡಲಿಲ್ಲ, ಅವರೂ ಇಲ್ಲಿಯವರೇ. ಕಟ್ಟಡದ ಕೆಲಸಕ್ಕೆ ರಾಯಚೂರಿನಿಂದ ಹೋದ ತಿಂಗಳು ಬಂದ ದಂಪತಿ ಮಗುವನ್ನೂ ಎತ್ತಿ ತೋರಿಸಿದರು. ಮಕ್ಕಳು ಒಂದೇ ಮಾತಿಗೆ ಬಂದರು: ತಲೆ ಎತ್ತುವವರು ಊರಿಗೆ ಹೊಸಬರು.

‘ಬರೋಬ್ಬರಿ ಐತಿ,’ ಎಂದು ನಾನು ಬೆನ್ನು ತಟ್ಟುತ್ತಿರುವಾಗಲೇ ಇನ್ನೊಂದು ವಿಮಾನ ಬಂತು. ಸ್ವಲ್ಪ ಹೊತ್ತಿನ ಮೇಲೆ ತಲೆ ಇಳಿಸಿ ನೋಡುತ್ತೇನೆ, ಮಕ್ಕಳೆಲ್ಲ ನನ್ನನ್ನೇ ನೋಡುತ್ತಿದ್ದಾರೆ.

‘ಸಾರ್, ನೀವು ಬೆಂಗಳೂರಿಗೆ ಬಂದು ಎಷ್ಟು ವರ್ಷ ಆಯ್ತು?’

‘ಹದಿನೈದರ ಮ್ಯಾಲಾತು.’

ಪ್ರಶ್ನೆ ಎತ್ತಿದ್ದ ಹುಡುಗಿ ಗೆಳತಿಯ ಕಡೆ ತಿರುಗಿ, ‘ಸಾರ್‌ನ ಬಿಟ್ಬಿಡೋಣ ಕಣೇ, ಲೆಕ್ಕ ಕೆಟ್ಟೋಗುತ್ತೆ,’ ಎಂದಳು.

ಉತ್ತರ ಆಮೇಲೆ ಬರೆಯುತ್ತೇನೆ

ಕಿರುಪರೀಕ್ಷೆಯ ಪ್ರಶ್ನೆಪತ್ರಿಕೆಯನ್ನು ಹೆಡ್ ಮೇಡಮ್ಮೇ ತಯಾರಿಸುತ್ತಾರೆ, ತಿದ್ದುವುದೂ ಅವರೇ. ‘ಬೀಜ ಮೊಳೆಯಲು ಬೆಳಕು ಬೇಕೇ?’ ಎಂಬುದೊಂದು ಪ್ರಶ್ನೆ. ಒಬ್ಬ ಹುಡುಗನ ಉತ್ತರ ಹೀಗಿತ್ತು:

‘ಗೊತ್ತಿಲ್ಲ. ಪತ್ತೆ ಹಚ್ಚಬಹುದು. ಎರಡು ಲೋಟದಲ್ಲಿ ಒದ್ದೆ ಹತ್ತಿ ಇಟ್ಟು ಹೆಸರುಕಾಳು ಹಾಕಬೇಕು. ಒಂದನ್ನು ಕಿಟಕಿಯ ಹತ್ತಿರ, ಇನ್ನೊಂದನ್ನು ಬೀರುವಿನಲ್ಲಿ ಇಡಬೇಕು. ಉತ್ತರವನ್ನು ಆಮೇಲೆ ಬರೆಯುತ್ತೇನೆ. ದಯವಿಟ್ಟು ಈ ಕೆಳಗಿನ ಜಾಗವನ್ನು ಖಾಲಿ ಬಿಡಿ.’

ಮೇಡಂ ಆ ಜಾಗದಲ್ಲಿ ದೊಡ್ಡ ಸೊನ್ನೆ ಸುತ್ತಿ ನನಗೆ ತೋರಿಸಿದರು. ‘ಇದೇನಾ ಸಾರ್ ನೀವು ಕಲಿಸ್ತಿರೋದು? ಪಬ್ಲಿಕ್ ಪರೀಕ್ಷೇಲಿ ಹಿಂಗ್ ಬರೆದ್ರೆ ಯಾರು ಮಾರ್ಕ್ಸ್ ಕೊಡ್ತಾರೆ?’ ಅವರು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ನಾನು ತಲೆ ಕೆರೆದುಕೊಂಡು ನಿಂತೆ.

ಮುಂದಿನ ವಾರ ಮೇಡಂ ರೂಮಿನಲ್ಲಿ ಹಾಜರಿ ನೋಡುತ್ತಿದ್ದೆವು. ಆ ಹುಡುಗ ಎರಡು ಕೈಯಲ್ಲಿ ಎರಡು ಲೋಟ ಹಿಡಿದು ಬಾಗಿಲಲ್ಲಿ ಪ್ರತ್ಯಕ್ಷನಾದ. ಎರಡರಲ್ಲೂ ಹೆಸರುಕಾಳು ಬಾಲ ಬಿಟ್ಟಿತ್ತು. ಬೀರುವಿನದು ಸ್ವಲ್ಪ ಬಿಳಿಚಿಕೊಂಡು ಉದ್ದಕ್ಕೆ ಬೆಳೆದಿತ್ತು.

‘ಮೇಡಂ, ಪೇಪರ್ ಕೊಡಿ. ಉತ್ತರ ಬಂದಿದೆ. ಮೊಳೆಯೋಕೆ ಬೆಳಕು ಬೇಡ.’

‘ಪರೀಕ್ಷೆ ಮುಗಿದು ಒಂದು ವಾರ ಆಯ್ತು ಕಣೋ!’

ಹುಡುಗ ಲೋಟದ ಕಡೆ ನೋಡಿದ. ‘ಕಾಳಿಗೆ ಗೊತ್ತಿರ್ಲಿಲ್ಲ ಮೇಡಂ, ಒಂದೇ ಗಂಟೆ ಟೈಮು ಅಂತ.’

ಎದ್ದು ನಿಂತ ತೆಂಗಿನಕಾಯಿ

ಮೊಳಕೆಯ ಸುದ್ದಿ ಯಜಮಾನರಿಗೆ ಮುಟ್ಟಿತು. ಅವರ ಫೋನು ಬಂತು. ‘ಏನ್ ಮೇಷ್ಟ್ರೇ, ಐಕ್ಳಿಗೆ ಉತ್ರ ಯೋಳ್ಕೊಡಾಕಿಲ್ವಂತೆ? ಇಂಗಾದ್ರೆ ಎಂಗೆ? ಈ ಶನಿವಾರ ನಾನೇ ಬತ್ತೀನಿ. ನೋಡ್ಬುಟ್ಟು, ಆ ಪೀರಿಯಡ್ಡು ಇರ್ಬೇಕೋ ಬ್ಯಾಡ್ವೋ ಯೋಳ್ತೀನಿ.’

ಆ ವಾರ ನನಗೆ ಸರಿಯಾಗಿ ಊಟ ಸೇರಲಿಲ್ಲ. ಗೈಡ್ ಎಲ್ಲಿಟ್ಟಿದ್ದೇನೆಂದು ಹುಡುಕಿ ಧೂಳು ಕೊಡವಿ ಇಟ್ಟುಕೊಂಡೆ. ಆದರೂ ಶನಿವಾರಕ್ಕೆಂದು ಅಚ್ಚುಕಟ್ಟಾದ ಪ್ರಯೋಗವೊಂದನ್ನು ಆರಿಸಿದ್ದೆ. ನೀರು, ಸೋಪು, ಬೆಂಕಿಕಡ್ಡಿ ಅಷ್ಟೇ. ಯಾರಿಗೂ ನೋವಾಗದ, ಯಾವ ಅಜ್ಜಿಗೂ ಸಿಟ್ಟು ಬಾರದ ಪ್ರಯೋಗ.

ಯಾಕೆ ಪೀರಿಯಡ್ ನಡೆಯುವುದು ಅಂಗಳದಲ್ಲಿ. ಬೆಂಚು ಕುರ್ಚಿ ಇಲ್ಲ, ನಾನೂ ಸೇರಿ ಎಲ್ಲರೂ ನೆಲದ ಮೇಲೆ ಸುತ್ತಲೂ ಕೂರುವುದು ಪದ್ಧತಿ. ಯಜಮಾನರ ಕಾರು ಬಂದು ನಿಂತಿತು. ಅವರು ಇಳಿದರು. ಹಿಂದೆಯೇ ಬರಿಗಾಲಿನ, ಹಣೆಗೆ ವಿಭೂತಿ ಹಚ್ಚಿದ ಒಬ್ಬರು ಇಳಿದರು. ಅವರ ಕೈಯಲ್ಲೊಂದು ಜುಟ್ಟಿನ ತೆಂಗಿನಕಾಯಿ. ಅವರು ನೀರು ನೋಡುವವರು. ಅಂಗೈಯಲ್ಲಿ ಕಾಯಿಯನ್ನು ಅಡ್ಡ ಮಲಗಿಸಿಕೊಂಡು ನಡೆಯುತ್ತಾರೆ. ನೆಲದಡಿ ನೀರಿದ್ದಲ್ಲಿ ಕಾಯಿ ತಾನಾಗಿ ಎದ್ದು ನಿಲ್ಲುತ್ತದೆ ಎಂಬುದು ನಂಬಿಕೆ. ಶಾಲೆಯ ಬೋರು ಬತ್ತಿ, ಟ್ಯಾಂಕರ್ ನೀರಿನಲ್ಲೇ ಕಾಲ ತಳ್ಳುತ್ತಿದ್ದೆವು. ಹೇಗೂ ಬರುತ್ತೇನಲ್ಲ, ಒಂದೇ ಓಡಾಟದಲ್ಲಿ ಎರಡೂ ಕೆಲಸ ಆಗಲಿ ಎಂದು ಯಜಮಾನರು ಇವರನ್ನೂ ಕರೆತಂದಿದ್ದರು.

ಮಕ್ಕಳು ಬೆಂಕಿಕಡ್ಡಿ ಬಿಟ್ಟು ಕಾಯಿಯ ಹಿಂದೆ ಹೊರಟವು. ಹೊಂಗೆ ಮರದ ಹತ್ತಿರ ಕಾಯಿ ನಿಜಕ್ಕೂ ಎದ್ದು ನಿಂತಿತು. ನಾನೂ ಬಾಯಿ ಬಿಟ್ಟು ನೋಡಿದೆ. ಯಜಮಾನರು ಆ ಜಾಗಕ್ಕೆ ಕಲ್ಲಿಟ್ಟು, ‘ಇಲ್ಲೇ ಕೊರ್‍ಸೋಣ,’ ಎಂದರು.

‘ತಾತ, ಇನ್ನೊಂದ್ ಸಲ ಮಾಡಿ ತೋರಿಸ್ತೀರಾ?’ ಕೇಳಿದ್ದು ಎರಡು ಜಡೆಯ ಹುಡುಗಿ.

ಅವರು ಖುಷಿಯಿಂದಲೇ ಮಾಡಿದರು. ಅದೇ ಜಾಗ, ಅದೇ ಹೊಂಗೆ ಮರ.

‘ಈಗ ಕಣ್ಣು ಕಟ್ಕೊಂಡು?’

ಹೆಡ್ ಮೇಡಂ ಎದೆ ಮೇಲೆ ಕೈಯಿಟ್ಟುಕೊಂಡರು. ಯಜಮಾನರು ನನ್ನ ಕಡೆ ತಿರುಗಿ ದುರುಗುಟ್ಟಿದರು. ‘ಸುಮ್ನ ಕೂಡವ್ವಾ’ ಎಂದು ನಾನು ಗದರಿದ್ದರೆ ಪೀರಿಯಡ್ ಉಳಿಯುತ್ತಿತ್ತೇನೋ. ಆದರೆ ವರ್ಷವಿಡೀ ಕೇಳಿ ಕೇಳಿ ಎಂದು ಹೇಳಿ, ಅವಳು ಎಲ್ಲಕ್ಕಿಂತ ಒಳ್ಳೆಯ ಪ್ರಶ್ನೆ ಕೇಳಿದಾಗ ಬಾಯಿ ಮುಚ್ಚಿಸುವುದು ಹೇಗೆ? ನಿಜ ಹೇಳಬೇಕೆಂದರೆ ನನಗೂ ನೋಡುವ ಆಸೆ ತಡೆಯಲಾಗಲಿಲ್ಲ.

ನೀರು ನೋಡುವವರೇ ನಕ್ಕು, ‘ಮಕ್ಳು ಕೇಳ್ತವೆ, ಕಟ್ಲಿ ಬಿಡಿ ಯಜಮಾನ್ರೇ,’ ಎಂದರು. ದೊಡ್ಡ ಮನುಷ್ಯ. ಮಕ್ಕಳು ಟವಲಿನಿಂದ ಅವರ ಕಣ್ಣು ಕಟ್ಟಿ, ಎರಡು ಸುತ್ತು ತಿರುಗಿಸಿ ಬಿಟ್ಟರು. ಕಾಯಿ ವಾಲಿಬಾಲ್ ಕಂಬದ ಹತ್ತಿರ ಎದ್ದಿತು. ಮತ್ತೆ ತಿರುಗಿಸಿದರು, ಸೈಕಲ್ ಸ್ಟ್ಯಾಂಡಿನ ಮುಂದೆ ಎದ್ದಿತು. ಇನ್ನೊಮ್ಮೆ ತಿರುಗಿಸಿದರೆ ಹೆಡ್ ಮೇಡಂ ರೂಮಿನ ಮೆಟ್ಟಿಲ ಮೇಲೆ. ಹೊಂಗೆ ಮರದ ಕಡೆ ಮಾತ್ರ ಕಾಯಿ ಒಮ್ಮೆಯೂ ಸುಳಿಯಲಿಲ್ಲ.

‘ಕಣ್ ಕಟ್ಟಿದ್ರೆ ಗಮನ ತಪ್ತದೆ,’ ಎಂದರು ಅವರು, ಟವಲು ಬಿಚ್ಚಿ ಅಂಗಳವನ್ನೆಲ್ಲ ಅಚ್ಚರಿಯಿಂದ ನೋಡುತ್ತಾ.

ಯಜಮಾನರಿಗೆ ರೋಷ ಬಂತು. ‘ಕೊಡಿ ಇಲ್ಲಿ. ನನ್ ಕೈನಾಗೂ ಒಂದ್ ಕಾಲ್ದಲ್ಲಿ ಏಳ್ತಿತ್ತು!’ ಎಂದು ಕಾಯಿ ಕಿತ್ತುಕೊಂಡು, ತಾವೇ ಕಣ್ಣಿಗೆ ಟವಲು ಬಿಗಿದುಕೊಂಡರು. ಪಂಚೆ ಎತ್ತಿ ಕಟ್ಟಿ ಹೊರಟರು. ಮಕ್ಕಳು ಉಸಿರು ಬಿಗಿಹಿಡಿದು ಹಿಂದೆ ಹಿಂದೆ. ಕಟ್ಟಡದ ಪಕ್ಕ ಹೋದದ್ದೇ ತಡ, ಕಾಯಿ ನೆಟ್ಟಗೆ ಎದ್ದು ನಿಂತಿತು. ಟವಲು ಸರಿಸಿ ನೋಡಿದರೆ ಅವರು ನಿಂತದ್ದು ಟ್ಯಾಂಕರ್ ನೀರು ತುಂಬಿಸುವ ಶಾಲೆಯ ಸಂಪಿನ ಮುಚ್ಚಳದ ಮೇಲೆ.

‘ನೀರೈತೆ! ಸಂಪ್ ತುಂಬಾ ನೀರೈತೆ!’ ಯಜಮಾನರು ಕಾಯಿ ಎತ್ತಿ ಹಿಡಿದು ಕೂಗಿದರು. ನೀರು ನೋಡುವವರು ಕೈ ಮುಗಿದರು. ಹೆಡ್ ಮೇಡಂ ಚಪ್ಪಾಳೆ ತಟ್ಟಿದರು. ಡ್ರೈವರು ಫೋಟೋ ತೆಗೆದ. ಅಷ್ಟು ಹೊತ್ತಿಗೆ ನಾನೂ ಗೊಂದಲಕ್ಕೆ ಬಿದ್ದಿದ್ದೆ.

ಎರಡು ಜಡೆ ಮಾತ್ರ, ‘ತಾತ, ಸ್ವಲ್ಪ ಪಕ್ಕಕ್ಕೆ ಬರ್ತೀರಾ?’ ಎಂದಳು. ನನ್ನನ್ನು ಕರೆದು ಮುಚ್ಚಳ ಎತ್ತಿಸಿದಳು. ನಾನು ಅವಳ ಕೈ ಹಿಡಿದುಕೊಂಡೆ, ಅವಳು ಬಗ್ಗಿ ‘ಓ...’ ಎಂದಳು. ಒಳಗಿನಿಂದ ‘ಓ...’ ಎಂದು ದೊಡ್ಡದಾಗಿ ಮರುದನಿ ಬಂತು. ತಳದ ಸಿಮೆಂಟು ಪೂರಾ ಒಣಗಿತ್ತು. ಅವತ್ತಿನ ಟ್ಯಾಂಕರು ಇನ್ನೂ ಬಂದೇ ಇರಲಿಲ್ಲ.

ಯಜಮಾನರು ಸಂಪಿನೊಳಗೆ ನೋಡಿದರು, ಕಾಯಿಯನ್ನು ನೋಡಿದರು, ಮತ್ತೆ ಸಂಪಿನೊಳಗೆ ನೋಡಿದರು. ಮೇಡಂ ನನ್ನ ಕಿವಿಯಲ್ಲಿ, ‘ಮುಗೀತು ಸಾರ್. ಸೋಮವಾರ ಗೈಡ್ ತಗೊಂಡ್ ಬನ್ನಿ,’ ಎಂದರು. ಮುಚ್ಚಳವನ್ನು ಮತ್ತೆ ಎಳೆದು ಮುಚ್ಚುತ್ತಾ ನಾನೂ ಹಾಗೆಯೇ ಅಂದುಕೊಂಡೆ.

ಯಜಮಾನರು ಮಾತಾಡಿದರು. ಧ್ವನಿಯಲ್ಲಿ ಸಿಟ್ಟಿರಲಿಲ್ಲ, ತಬ್ಬಿಬ್ಬಿತ್ತು. ‘ಮೇಷ್ಟ್ರೇ, ಚಿಕ್ಕಜಾಲದ ತೋಟದಾಗೆ ಇವ್ರೇ ನೋಡಿದ್ದು, ಇಂಥದ್ದೇ ಕಾಯಿ. ಕೊರ್‍ಸಿದ್ವಿ, ನೀರು ಉಕ್ತು. ಯಾಕೆ ಉಕ್ತು ಯೋಳಿ ಮತ್ತೆ?’

‘ನನಗ ಗೊತ್ತಿಲ್ರೀ ಯಜಮಾನ್ರ,’ ಎಂದೆ. ನಿಜವಾಗಿಯೂ ಗೊತ್ತಿರಲಿಲ್ಲ.

ಹುಡುಗಿ ಕೇಳಿದಳು, ‘ತಾತ, ಅದೇ ತೋಟದಲ್ಲಿ ಕಾಯಿ ಏಳದ ಜಾಗದಲ್ಲೂ ಕೊರೆಸಿ ನೋಡಿದ್ರಾ?’

‘ನೀರಿಲ್ಲದ ಜಾಗ್ದಲ್ಲಿ ಯಾವನಮ್ಮಾ ಕೊರೆಸ್ತಾನೆ?’

‘ಕೊರೆಸದೆ, ಅಲ್ಲಿ ನೀರಿಲ್ಲ ಅಂತ ಹೆಂಗೆ ಗೊತ್ತಾಯ್ತು?’

ನೀರು ನೋಡುವವರು ಕಾಯಿಯನ್ನು ಮೆಲ್ಲಗೆ ಚೀಲಕ್ಕೆ ಹಾಕಿಕೊಂಡರು. ಯಜಮಾನರು ತಮ್ಮಷ್ಟಕ್ಕೆ ತಾವೇ, ‘ಅದೂ ದಿಟವೇ. ಇಷ್ಟ್ ವರ್ಸ ಆಯ್ತು, ಇದ್ ನಂಗೆ ಒಳೀಲೇ ಇಲ್ವಲ್ಲಾ,’ ಎಂದರು. ಆಮೇಲೆ ನನ್ನ ಕಡೆ ತಿರುಗಿದರು.

‘ಮೇಷ್ಟ್ರೇ, ಈ ಪೀರಿಯಡ್ಡು ದಿನಾ ಐತಾ?’

‘ಇಲ್ರೀ, ಶನಿವಾರ ಅಷ್ಟ.’

‘ನಿಲ್ಲಿಸ್ಬ್ಯಾಡಿ. ಬರೋ ಶನಿವಾರದಿಂದ ನಾನೂ ಬತ್ತೀನಿ. ನಂಗೂ ಕೇಳೋದು ಬೇಜಾನ್ ಐತೆ. ಒಂದು ಕುರ್ಚಿ ಹಾಕ್ಸಿ.’

ನನ್ನ ಕಣ್ಣು ತುಂಬಿ ಬಂತು. ಹೆಡ್ ಮೇಡಂ ಗೋಡೆ ಹಿಡಿದುಕೊಂಡರು. ಎರಡು ಜಡೆಯ ಹುಡುಗಿ ಮಾತ್ರ ನಿಯಮ ಬಿಡಲಿಲ್ಲ.

‘ಇಲ್ಲಿ ಕುರ್ಚಿ ಇಲ್ಲ ತಾತ. ಎಲ್ರೂ ನೆಲದ ಮೇಲೇ ಕೂರೋದು.’

‘ನಂಗೆ ಮಂಡಿ ನೋವು ಕಣಮ್ಮಾ. ಕೆಳಗೆ ಕೂರಾಕಾಗಲ್ಲ.’

‘ಕೂತು ನೋಡಿದ್ರಾ?’

ಯಜಮಾನರು ಅವಳನ್ನೇ ನೋಡಿದರು. ಬಿಳಿ ಪಂಚೆಯನ್ನು ಕಾಲ ನಡುವೆ ಸೇರಿಸಿಕೊಂಡು, ಒಂದು ಕೈಯಿಂದ ನನ್ನ ಹೆಗಲನ್ನೂ ಇನ್ನೊಂದು ಕೈಯಿಂದ ನೀರು ನೋಡುವವರ ಹೆಗಲನ್ನೂ ಹಿಡಿದು, ‘ಅಮ್ಮಾ, ಅಪ್ಪಾ’ ಎನ್ನುತ್ತಾ ಆ ಧೂಳಿನಲ್ಲಿ ಕೂತೇಬಿಟ್ಟರು. ಮಕ್ಕಳು ಹೋ ಎಂದು ಚಪ್ಪಾಳೆ ತಟ್ಟಿದರು. ಯಜಮಾನರ ಮುಖ ಅರಳಿತು. ಒಂದು ಗಳಿಗೆ ಕೂತಿದ್ದು, ಏಳಲು ಹೋದರು. ಆಗಲಿಲ್ಲ. ನಾನೂ ನೀರು ನೋಡುವವರೂ ಕೈ ಕೊಟ್ಟು ಎಳೆದೆವು, ಆಗಲಿಲ್ಲ. ಡ್ರೈವರೂ ಓಡಿಬಂದ.

ಯಜಮಾನರು ಕೂತಲ್ಲಿಂದಲೇ ಕೈಯೆತ್ತಿ ಎಲ್ಲರನ್ನೂ ತಡೆದು, ಗಂಭೀರವಾಗಿ ಹೇಳಿದರು, ‘ತಡೀರಿ. ಮೇಷ್ಟ್ರೇ, ಬೋರ್ಡ್ ಮೇಲೆ ಬರೀರಿ. ಕೂರಾಕಾಯ್ತದೆ. ಏಳಾಕಾಗಕಿಲ್ಲ.’